ಶನಿವಾರದ ಸಭೆಯ ಏಳನೇ ವಿಷಯ

ಆಫೀಸಿಗೆ ತಮಾಷೆ ಮಾಡಬೇಕೆಂದು ಯಾರೂ ಬರುವುದಿಲ್ಲ. ಎಲ್ಲರೂ ತಲೆ ಬಾಚಿಕೊಂಡು, ಮುಖ ಗಂಭೀರ ಮಾಡಿಕೊಂಡೇ ಬರುತ್ತಾರೆ. ಉಳಿದದ್ದು ತಾನಾಗಿ ಆಗುತ್ತದೆ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗುವ ಕಾಲದಲ್ಲಿ ನಾನು ತುಮಕೂರಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸುವುದು, ಕೆಟ್ಟರೆ ರಿಪೇರಿ ಮಾಡಿಸುವುದು ಆಫೀಸಿನ ಕೆಲಸ. ಮೀಟಿಂಗಿನಲ್ಲಿ ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂದು ನಡಾವಳಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಪಂಪಿಗಿಂತ ಪುಸ್ತಕ ಹೆಚ್ಚು ಸುಸ್ಥಿತಿಯಲ್ಲಿತ್ತು.

೧. ಮೀಟಿಂಗುಗಳ ಮೀಟಿಂಗು

ಸೋಮವಾರ ವಾರದ ಯೋಜನೆಯ ಮೀಟಿಂಗು. ಮಂಗಳವಾರ ಗುಬ್ಬಿ ತಾಲ್ಲೂಕಿನದು, ಬುಧವಾರ ಕುಣಿಗಲಿನದು. ಗುರುವಾರ ಪ್ರಗತಿ. ಶುಕ್ರವಾರದ್ದು ಶನಿವಾರದ ಮೀಟಿಂಗಿಗೆ ತಯಾರಿ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ, ಆ ವಾರ ನಡೆದ ಮೀಟಿಂಗುಗಳನ್ನೆಲ್ಲ ಪರಾಮರ್ಶಿಸಿ ಮುಂದಿನ ವಾರದ ಮೀಟಿಂಗುಗಳನ್ನು ಗೊತ್ತು ಮಾಡುವ ದೊಡ್ಡ ಮೀಟಿಂಗು. ಅದಕ್ಕೆ ಗುಬ್ಬಿಯ ಸೂಪರ್‌ವೈಸರ್ರು, ಕುಣಿಗಲಿನ ಸೂಪರ್‌ವೈಸರ್ರು ಇಬ್ಬರೂ ಬಸ್ಸು ಹತ್ತಿ ಬರುತ್ತಿದ್ದರು.

"ಈ ವಾರ ಎಷ್ಟು ಮೀಟಿಂಗ್ ಆಯ್ತ್ರೀ?" ಎನ್ನುತ್ತಿದ್ದರು ಸಾಹೇಬರು.

"ಐದು ಸಾರ್," ಎನ್ನುತ್ತಿದ್ದೆ ನಾನು.

"ಇದು ಸೇರಿಸಿದ್ರಾ?"

"ಇದು ಮುಗಿದಿಲ್ಲ ಸಾರ್."

ಗುಬ್ಬಿಯವರಿಗೆ ಒಂದು ದಿನ ಅದೇನು ಧೈರ್ಯ ಬಂತೋ, "ಸಾರ್, ವಾರವೆಲ್ಲಾ ಮೀಟಿಂಗ್ ಆದ್ರೆ ಪಂಪ್ ನೋಡಕ್ಕೆ ಯಾವತ್ತು ಹೋಗೋದು?" ಎಂದು ಕೇಳಿಬಿಟ್ಟರು.

ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ದೂರದಲ್ಲಿ ದೇವರಾಯನದುರ್ಗದ ಬೆಟ್ಟ ಬಿಸಿಲಲ್ಲಿ ನೀಲಿಯಾಗಿ, ಇದೆಯೋ ಇಲ್ಲವೋ ಅನ್ನುವ ಹಾಗೆ ಕಾಣುತ್ತಿತ್ತು.

"ಒಳ್ಳೇ ಪ್ರಶ್ನೆ ಕಣ್ರೀ," ಎಂದರು. "ಇದಕ್ಕೇ ಅಂತ ಒಂದು ಮೀಟಿಂಗ್ ಇಡೋಣ."

೨. ಸರದಿ

ಒಂದು ಶನಿವಾರ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಒಂದು ಕೈಚೀಲ, ಚೀಲದಲ್ಲಿ ತುಂಡಾದ ಒಂದು ಪಂಪಿನ ಚೈನು. ಅವರ ಮನೆ ಮುಂದಿನ ಪಂಪು ಕೆಟ್ಟು ನೀರಿಗೆ ಒಂದು ಮೈಲಿ ನಡೆಯುವಂತಾಗಿತ್ತು. ಇನ್ನು ಮೂರು ವಾರಕ್ಕೆ ಮಗಳ ಮದುವೆ, ಚಪ್ಪರ ಮನೆ ಮುಂದೆಯೇ.

ಹೊಸ ಚೈನು ಗುಬ್ಬಿಯ ಸ್ಟೋರಿನಲ್ಲಿತ್ತು. ಗುಬ್ಬಿಯ ಸಾಮಾನು ಕುಣಿಗಲಿಗೆ ಹೋಗಬೇಕಾದರೆ ಶನಿವಾರದ ಸಭೆಯ ತೀರ್ಮಾನ ಆಗಬೇಕು. ಅವರ ಅರ್ಜಿಯನ್ನು ಅವತ್ತಿನ ಪಟ್ಟಿಯಲ್ಲಿ ಏಳನೇ ವಿಷಯವಾಗಿ ಸೇರಿಸಿದೆ. ಆರನೇ ವಿಷಯ ಮುಗಿಯುವಾಗ ಕುಣಿಗಲ್ ಬಸ್ಸಿನ ಹೊತ್ತಾಯಿತು. ಸಭೆ ಎದ್ದಿತು.

ಮುಂದಿನ ಶನಿವಾರ ಅವರು ಮತ್ತೆ ಬಂದರು. ನಮ್ಮಲ್ಲಿ ಒಂದು ಪದ್ಧತಿಯಿತ್ತು: ಹೊಸ ವಿಷಯಗಳು ಮೊದಲು, ಬಾಕಿ ಉಳಿದದ್ದು ಕೊನೆಗೆ. ಪ್ರತಿ ವಾರ ಹೊಸ ವಿಷಯ ಆರು ಹುಟ್ಟುತ್ತಿದ್ದವು. ಹಾಗಾಗಿ ಆ ಪಂಪು ಏಳರಲ್ಲೇ ನಿಂತಿತು. ಸಭೆ ಆರರಲ್ಲೇ ಏಳುತ್ತಿತ್ತು.

"ನಿಮ್ಮದು ಏಳನೇದು ಕಣಮ್ಮ. ಆರು ಮುಗೀಬೇಕು," ಎಂದೆ.

"ಹೋದ ವಾರವೂ ಏಳನೇದೇ ಅಂದ್ರಿ. ಹಾಲಿನ ಕ್ಯೂನಲ್ಲಿ ನಿಂತ್ರೂ ಒಂದು ಹೆಜ್ಜೆ ಮುಂದಕ್ಕೆ ಹೋಯ್ತೀವಲ್ಲ ಸ್ವಾಮಿ," ಎಂದರು ಅವರು.

ಮೂರನೇ ಶನಿವಾರ ಬಂದಾಗ ಮದುವೆಗೆ ಎಂಟೇ ದಿನ. ಚೀಲದಲ್ಲಿ ಚೈನಿನ ಜೊತೆ ಲಗ್ನಪತ್ರಿಕೆಯೂ ಇತ್ತು. ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು ಕೇಳಿದರು: "ಬೀಗರು ಕೈಕಾಲಿಗೆ ನೀರು ಕೇಳಿದ್ರೆ ಏನು ಮಾಡ್ಲಿ? ಬುಡಿ, ನಿಮ್ಮ ಪುಸ್ತಕ ಒಂದು ದಿನದ ಮಟ್ಟಿಗೆ ಕೊಡಿ, ಅದನ್ನೇ ತೋರುಸ್ತೀನಿ."

೩. ಸರ್ವಾನುಮತ

ಶನಿವಾರದ ಸಭೆಯಲ್ಲಿ ಎಲ್ಲರೂ ನಿದ್ದೆ ಮಾಡುತ್ತಿದ್ದರು ಎಂದು ಹೇಳಿದರೆ ತಪ್ಪಾಗುತ್ತದೆ. ಯಾರೂ ಯಾವತ್ತೂ ಹಾಗೆಂದು ಒಪ್ಪಿಕೊಂಡಿಲ್ಲ.

ಮುದ್ದೆ ಊಟವಾಗಿರುತ್ತಿತ್ತು. ಫ್ಯಾನು ಒಂದೊಂದು ಸುತ್ತಿಗೂ ಯೋಚನೆ ಮಾಡಿ ತಿರುಗುತ್ತಿತ್ತು. ಸಾಹೇಬರು ಕಣ್ಣು ಬಿಟ್ಟುಕೊಂಡೇ ಮಲಗಬಲ್ಲವರು. ಗುಬ್ಬಿಯವರು ಪೆನ್ನನ್ನು ಕಾಗದದ ಮೇಲೆ ಊರಿ, ಬರೆಯುವ ಭಂಗಿಯಲ್ಲಿ. ಕುಣಿಗಲಿನವರು ಮಾತ್ರ ಪ್ರಾಮಾಣಿಕರು, ಬಾಯಿ ತೆರೆದುಕೊಂಡು.

ಒಮ್ಮೆ ಸಾಹೇಬರಿಗೆ ಇದ್ದಕ್ಕಿದ್ದಂತೆ ಎಚ್ಚರವಾಗಿ, "ಏನ್ರೀ ಕುಣಿಗಲ್, ನೀವೇನಂತೀರಿ?" ಎಂದರು.

ಕುಣಿಗಲಿನವರು ಕಣ್ಣು ಬಿಡುವ ಮೊದಲೇ ಹೇಳಿದರು: "ಗುಬ್ಬಿಯವರು ಹೇಳಿದ್ದೇ ಸರಿ ಸಾರ್."

ತಮ್ಮ ಊರಿನ ಹೆಸರು ಕಿವಿಗೆ ಬಿದ್ದು ಗುಬ್ಬಿಯವರು ಎದ್ದರು. "ನಾನು ಮೊದಲಿಂದ ಅದನ್ನೇ ಹೇಳ್ತಾ ಇದೀನಿ ಸಾರ್."

"ಹಾಗಾದ್ರೆ ಸರ್ವಾನುಮತ. ಬರ್ಕೊಳ್ರಿ," ಎಂದರು ಸಾಹೇಬರು ನನ್ನ ಕಡೆ ತಿರುಗಿ.

"ಏನಂತ ಬರ್ಕೊಳ್ಳಲಿ ಸಾರ್?"

"ಸರ್ವಾನುಮತ ಅಂತ."

೪. ಬುಧವಾರ

ಆ ಮೂರನೇ ಶನಿವಾರ ನನಗೂ ರೆಪ್ಪೆ ಭಾರವಾಯಿತು. ಎರಡನೇ ವಿಷಯ ನಡೆಯುತ್ತಿದ್ದಾಗ ಮೇಜು ಮೆಲ್ಲಗೆ ನೆಲ ಬಿಟ್ಟು ತೇಲಿತು. ಕಿಟಕಿಯಿಂದ ಆಚೆ ಬಂದು, ತೆಂಗಿನ ತಲೆಗಳ ಮೇಲೆ, ರಾಗಿ ಹೊಲಗಳ ಮೇಲೆ, ಕುಣಿಗಲ್ ದಾರಿಯಲ್ಲಿ ನಾವೆಲ್ಲ ಕುಳಿತಂತೆಯೇ ಹೋದೆವು. ಕೆಳಗೆ ಚಪ್ಪರ ಕಂಡಿತು, ಇಳಿದೆವು. ಗುಬ್ಬಿಯವರು ಕೋಟಿನ ಜೇಬಿನಿಂದ ಹೊಸ ಚೈನು ತೆಗೆದರು. ಕುಣಿಗಲಿನವರು ಅದನ್ನು ಕೂರಿಸಿದರು. ಸಾಹೇಬರು ಪ್ಯಾಂಟು ಮಡಿಚಿ ಪಂಪು ಒತ್ತಿದರು. ನೀರು ಬಂತು, ಬೆಳ್ಳಗೆ, ಸದ್ದಿಲ್ಲದೆ, ಬರುತ್ತಲೇ ಇತ್ತು. ಎಲ್ಲರಿಗೂ ಎಳನೀರು ಕೊಟ್ಟರು. ಯಾರೋ ಇವತ್ತು ಬುಧವಾರ ಅಂದರು.

ಎಚ್ಚರವಾದಾಗ ಕುಣಿಗಲ್ ಬಸ್ಸಿನ ಹೊತ್ತು. ಸಭೆ ಎದ್ದಿತ್ತು. ಪುಸ್ತಕ ನೋಡಿದೆ. ನನ್ನದೇ ಅಕ್ಷರ, ಸ್ವಲ್ಪ ಓರೆಯಾಗಿ:

"ವಿಷಯ ಏಳು. ಗುಬ್ಬಿಯ ಸೂಪರ್‌ವೈಸರರು ಚೈನು ತರುವುದೆಂದೂ, ಕುಣಿಗಲಿನವರು ಜೋಡಿಸುವುದೆಂದೂ, ಬುಧವಾರ ಸಾಹೇಬರು ಖುದ್ದಾಗಿ ಪಂಪು ಒತ್ತಿ ನೋಡುವುದೆಂದೂ, ನಂತರ ಎಳನೀರು ಕುಡಿಯುವುದೆಂದೂ ತೀರ್ಮಾನಿಸಲಾಯಿತು."

ಹೊಡೆದುಹಾಕಬಹುದಿತ್ತು. ಹೊಡೆದುಹಾಕಲು, ನಾನು ನಿದ್ದೆ ಮಾಡಿದೆ ಎಂದು ಒಪ್ಪಿಕೊಳ್ಳಬೇಕಿತ್ತು. ಜೊತೆಗೆ ಲಗ್ನಪತ್ರಿಕೆ ಪುಸ್ತಕದ ನಡುವೆಯೇ ಇತ್ತು. ಸೋಮವಾರದ ಮೀಟಿಂಗಿನಲ್ಲಿ ರುಜುವಿಗೆ ಇಟ್ಟೆ. ಶನಿವಾರದ ನಡಾವಳಿಗೆ ಎಲ್ಲರೂ ರುಜು ಹಾಕಲೆಂದು ತಾಲ್ಲೂಕಿನವರಿಬ್ಬರೂ ಸೋಮವಾರ ಮತ್ತೆ ಬರುತ್ತಿದ್ದರು.

ಸಾಹೇಬರು ಏಳನೇ ವಿಷಯವನ್ನು ಎರಡು ಸಲ ಓದಿದರು. "ಇದನ್ನ ನಾನು ಒಪ್ಕೊಂಡ್ನೇನ್ರೀ?"

"ನಡಾವಳಿಯಲ್ಲಿದೆ ಸಾರ್."

ಸಾಹೇಬರು ಗುಬ್ಬಿಯವರನ್ನು ನೋಡಿದರು. ಗುಬ್ಬಿಯವರು ಒಂದು ಕ್ಷಣ ನನ್ನನ್ನು ನೋಡಿ, "ಚೈನು ತರ್ತೀನಿ ಅಂತ ಎದ್ದು ನಿಂತು ಹೇಳಿದ್ನಲ್ಲ ಸಾರ್," ಎಂದರು.

ಕುಣಿಗಲಿನವರು ಹಿಂದೆ ಬೀಳಲಿಲ್ಲ. "ಆ ಎಳನೀರಿನ ಮೇಲೆ ತುಂಬಾ ಹೊತ್ತು ಚರ್ಚೆ ಆಯ್ತು ಸಾರ್."

"ನಂಗೆ ಜ್ಞಾಪಕ ಇಲ್ವೇನ್ರೀ?" ಎಂದು ಸಾಹೇಬರು ರುಜು ಹಾಕಿದರು. "ಆದ್ರೆ ಬುಧವಾರ ಕುಣಿಗಲ್ ಮೀಟಿಂಗ್ ಇದೆ. ಅದನ್ನ ಪಂಪಿನ ಹತ್ರವೇ ಇಟ್ಕೊಳ್ಳಿ."

ಬುಧವಾರ ಚೈನು ಕೂತಿತು. ಸಾಹೇಬರು ಪ್ಯಾಂಟು ಮಡಿಚಿದರು. ನಾನು ಕೈ ಚಿವುಟಿಕೊಂಡು ನೋಡಿದೆ, ನೋವಾಯಿತು. ನೀರು ಮೊದಲು ಕೆಂಪಗೆ ಬಂತು, ಕೆಮ್ಮಿತು, ಆಮೇಲೆ ತಿಳಿಯಾಯಿತು. ಆ ಹೆಂಗಸು ಬಿಂದಿಗೆ ತುಂಬಿಕೊಂಡು ಪಕ್ಕಕ್ಕಿಟ್ಟು, ಎಳನೀರು ಕೆತ್ತಿ ಕೆತ್ತಿ ಕೊಟ್ಟರು.

"ನಮ್ಮ ಪಂಪಿನ ಪರವಾಗಿ ಮೀಟಿಂಗ್‌ನಲ್ಲಿ ಅಷ್ಟು ಮಾತಾಡಿದ ಪುಣ್ಯಾತ್ಮ ಯಾರು ಸ್ವಾಮಿ?" ಎಂದು ಕೇಳಿದರು.

"ಒಬ್ರು ಅಂತ ಹೇಳಕ್ಕಾಗಲ್ಲ ಕಣಮ್ಮ," ಎಂದರು ಸಾಹೇಬರು ಎಳನೀರಿನಿಂದ ಬಾಯಿ ತೆಗೆದು. "ಅವತ್ತು ನಾವೆಲ್ಲಾ ಒಂದೇ ಸ್ಥಿತೀಲಿದ್ವಿ."

ಮುಂದಿನ ಶನಿವಾರ ಊಟ ಮುಗಿಸಿ ಸಭೆಗೆ ಹೋದರೆ ನನ್ನ ಕುರ್ಚಿ ಜಾಗದಲ್ಲಿರಲಿಲ್ಲ. ಗುಬ್ಬಿಯ ಸೂಪರ್‌ವೈಸರ್ರು ಅದನ್ನು ಎತ್ತಿಕೊಂಡು ಹೋಗಿ ಸರಿಯಾಗಿ ಫ್ಯಾನಿನ ಕೆಳಗೆ ಹಾಕಿದ್ದರು. ಬೆನ್ನಿಗೆ ಒಂದು ದಿಂಬು ಬೇರೆ. ಪಕ್ಕಕ್ಕೆ ಬಂದು ಕಿವಿಯಲ್ಲಿ ಮೆಲ್ಲಗೆ ಹೇಳಿದರು:

"ಗುಬ್ಬಿದು ನಾಲ್ಕು ಪಂಪು ಬಾಕಿ ಇದೆ ಸ್ವಾಮಿ. ಇವತ್ತು ಸ್ವಲ್ಪ ಬೇಗ ಮಲಗಿ."