ಆರ್ಗಾನೂ ಅತಿಥಿಸತ್ಕಾರವೂ

ಬೆಳಿಗ್ಗೆ ಎಂಟಕ್ಕೆ ರೇವಣಸಿದ್ದ ಹಾಕಿದ ಬೆಸುಗೆ ಹೊಸ ಕಾಲುಂಗುರದ ಹಾಗೆ ಹೊಳೆದಿತ್ತು. ಹತ್ತಕ್ಕೆ ಹಾಕಿದ್ದು ಸೀದ ಒಗ್ಗರಣೆಯಾಯಿತು. ಮಷೀನು ಅದೇ, ಸ್ಟೀಲು ಅದೇ, ಸಿಲಿಂಡರಿನೊಳಗಿನ ಆರ್ಗಾನ್ ಗ್ಯಾಸೂ ಅದೇ.

ಶ್ರೀರಾಂಪುರದಲ್ಲಿ ಗೇಟು, ಗ್ರಿಲ್ಲು ಮಾಡಿಕೊಂಡಿದ್ದ ಆಸಾಮಿ ಸ್ಟೀಲು ಬೆಸೆಯುವ ಟಿಗ್ ಮಷೀನು ತಂದು ವಾರವಾಗಿತ್ತಷ್ಟೆ. ಲಷ್ಕರ್ ಮೊಹಲ್ಲಾದ ಅಡುಗೆ ಕಂಟ್ರಾಕ್ಟರ್ ಪ್ರೇಮಲೀಲಾ ತಮ್ಮ ಸಾಂಬಾರಿನ ಕೊಳಗಕ್ಕೆ ನಲ್ಲಿ ಕೂರಿಸಲು ಅವನಿಗೆ ಕೊಟ್ಟಿದ್ದರು. ನಾಲ್ಕಕ್ಕೆ ಬಂದು ನೋಡುತ್ತೇನೆ, ಒಪ್ಪಿಗೆಯಾದರೆ ನಮ್ಮ ಪಾತ್ರೆ ಕೆಲಸವೆಲ್ಲ ನಿನಗೇ ಎಂದಿದ್ದರು. ಕೊಳಗ ಮುಟ್ಟುವ ಮುಂಚೆ ಅವನು ಚೂರು ತಗಡಿನ ಮೇಲೆ ಕೈ ಪಳಗಿಸುತ್ತಿದ್ದ.

ಎದುರಿನ ಪಂಕ್ಚರ್ ಅಂಗಡಿಯ ನಂಜಯ್ಯ ಹತ್ತಕ್ಕೇ ಬಂದು ಕೂತಿದ್ದರು. ಬಂದವರಿಗೆ ಸ್ಟೂಲು ಎಳೆದು, ಟೇಬಲ್ ಫ್ಯಾನು ಹಾಕದೆ ರೇವಣಸಿದ್ದ ಮಾತಿಗೇ ಇಳಿಯುವವನಲ್ಲ.

"ಗ್ಯಾಸ್ ಸರಿಯಿಲ್ಲ ಕಣೋ ಸಿದ್ದ," ಎಂದರು ನಂಜಯ್ಯ, ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಎದೆಯೊಡ್ಡುತ್ತ. "ನಮ್ಮಂಗಡಿ ನೈಟ್ರೋಜನ್ ಹಾಕ್ನೋಡು. ವಿಮಾನದ ಟೈರಿಗೂ ಅದೇಯ, ಬೇಕಾದ್ರೆ ಮಂಡಕಳ್ಳಿ ಏರ್‌ಪೋರ್ಟಲ್ಲಿ ಕೇಳು."

"ಟೈರ್ ಬೇರೆ ನಂಜಣ್ಣ. ಕಾದ ಸ್ಟೀಲಿಗೆ ಹೊರಗಿನ ಗಾಳಿ ತಾಗ್ದಂಗೆ ಮುಚ್ಚೋಕೆ ಆರ್ಗಾನೇ ಬೇಕಂತೆ. ಅದು ಯಾವುದ್ರ ಜೊತೇಲೂ ಸೇರಲ್ವಂತೆ."

"ಯಾರ ಜೊತೇಲೂ ಸೇರ್ದೇ ಇರೋದು ಊರಲ್ಲಿ ಬಾಳ್ತದಾ?"

ನಂಜಯ್ಯನವರ ನೈಟ್ರೋಜನ್ ಪೈಪು ರಸ್ತೆ ದಾಟುವಷ್ಟು ಉದ್ದವಿರಲಿಲ್ಲ, ಆ ಗಂಡಾಂತರ ತಪ್ಪಿತು. ಅಷ್ಟರಲ್ಲಿ ಪಕ್ಕದ ಗ್ಯಾರೇಜಿನ ಪವಮಾನ ತನ್ನ ಸಿಲಿಂಡರನ್ನೇ ಉರುಳಿಸಿಕೊಂಡು ಬಂದ. "ನಮ್ದು ಕಾರ್ಬನ್ ಡೈಆಕ್ಸೈಡ್ ಬೆರೆಸಿದ್ದು ಗುರು. ಕಾರ್ ಬಾಡಿ ಕಲ್ಲಿದ್ದಂಗೆ ಕೂರುತ್ತೆ."

ಬೇಡ ಎನ್ನಲು ರೇವಣಸಿದ್ದ ಬಾಯಿ ತೆರೆದ, ಆದರೆ ಏನಾಗುತ್ತದೋ ನೋಡಿಯೇಬಿಡುವ ಚಪಲ ಬಿಡಲಿಲ್ಲ. ಪೈಪು ಸಿಕ್ಕಿಸಿ ಕಿಡಿ ಹೊತ್ತಿಸಿದ. ಮಷೀನಿನ ಮೂತಿಯಲ್ಲಿ ಕಿಡಿ ಹಿಡಿಯುವ ಟಂಗ್‌ಸ್ಟನ್ ಕಡ್ಡಿಯ ಚೂಪು ತುದಿ ಸುಟ್ಟ ಮೆಣಸಿನಕಾಯಿಯ ಹಾಗೆ ಮುದುಡಿತು.

"ಅದಕ್ಕೇ ನಮ್ ಮಷೀನಲ್ಲಿ ಆ ಕಡ್ಡೀನೇ ಇಲ್ಲ," ಎಂದ ಪವಮಾನ ನೆಮ್ಮದಿಯಾಗಿ.

ಎರಡಕ್ಕೆ ಇಬ್ಬರೂ ಊಟಕ್ಕೆದ್ದರು. ಹೋಗುವಾಗ ನಂಜಯ್ಯ, ಕರೆಂಟು ಉಳೀಲಿ ಅಂತ ಫ್ಯಾನು ಆರಿಸಿದರು. ರೇವಣಸಿದ್ದ ಕಡ್ಡಿ ಸಾಣೆ ಹಿಡಿದು, ಆರ್ಗಾನನ್ನೇ ಮತ್ತೆ ಜೋಡಿಸಿ, ಬೇಸರದಿಂದಲೇ ಒಂದು ಗೆರೆ ಎಳೆದ. ಹೊಳೆಯಿತು. ಅನುಮಾನ ಬಂದು ಫ್ಯಾನು ಹಾಕಿ ಎಳೆದ. ಸೀದುಹೋಯಿತು. ಆರಿಸಿ ಎಳೆದ, ಹೊಳೆಯಿತು. ಗ್ಯಾಸಿನದೇನೂ ತಪ್ಪಿರಲಿಲ್ಲ. ಅತಿಥಿಗಳಿಗೆ ಹಾಕಿದ ಗಾಳಿ ಅದನ್ನು ಹಾರಿಸಿಕೊಂಡು ಹೋಗುತ್ತಿತ್ತು. ಒಬ್ಬನೇ ನಕ್ಕ. ಬೆವರು ಸುರಿಸುತ್ತ ಕೊಳಗಕ್ಕೆ ನಲ್ಲಿ ಕೂರಿಸಿ ಮುಗಿಸಿದಾಗ ಅವನಿಗೆ ತನ್ನ ಕೈಯ ಮೇಲೆ ತನಗೇ ಪ್ರೀತಿ ಬಂತು.

ನಾಲ್ಕಕ್ಕೆ ಪ್ರೇಮಲೀಲಾ ಬಂದರು, ಹಿಂದೆಯೇ ನಂಜಯ್ಯನವರೂ. ಪ್ರೇಮಲೀಲಾ ಬೆಸುಗೆಯ ಮೇಲೆ ಬೆರಳಾಡಿಸಿ ತಲೆದೂಗಿದರು. "ಚೆನ್ನಾಗಿದೆ ಕಣಪ್ಪ. ನನ್ನೆದುರಿಗೂ ಒಂಚೂರು ಹಾಕು, ನೋಡೋಣ." ಸೆರಗಿನಿಂದ ಮುಖ ಒರೆಸಿಕೊಂಡು ತಾವೇ ಫ್ಯಾನು ಹಾಕಿದರು.

ರೇವಣಸಿದ್ದ ಓಡಿಹೋಗಿ ಆರಿಸಿದ. "ತಪ್ಪು ತಿಳ್ಕೋಬೇಡಿ ಅಮ್ಮ. ಗಾಳಿ ತಾಗಿದ್ರೆ ಬೆಸುಗೆ ಕೆಟ್ಟೋಗುತ್ತೆ."

ಪ್ರೇಮಲೀಲಾ ಅವನನ್ನೊಮ್ಮೆ, ಕೊಳಗವನ್ನೊಮ್ಮೆ ನೋಡಿದರು. "ನಮ್ಮಡುಗೆಮನೇಲಿ ನಾಲ್ಕು ಎಕ್ಸಾಸ್ಟ್ ಫ್ಯಾನ್ ಓಡುತ್ತಪ್ಪ. ಅಲ್ಲಿ ಇದರ ಗತಿ?"

"ಅಯ್ಯೋ, ಹಾಕೋವಾಗ ಮಾತ್ರ ಅಮ್ಮ, ಆಮೇಲೆ ಏನೂ ಆಗಲ್ಲ."

"ಕೆಡೋದು ನಿಜವೇಯ ಕಣಮ್ಮ," ಎಂದರು ನಂಜಯ್ಯ, ಅವನ ಪರವಾಗಿಯೇ. "ಬೆಳಿಗ್ಗೆ ನಾನೇ ಕೂತು ನೋಡಿದೀನಿ. ಹಾಕಿದ್ದೆಲ್ಲ ಕರ್ರಗಾಗೋಯ್ತು."

ಪ್ರೇಮಲೀಲಾ ಕೂಲಿ ಕೊಟ್ಟು, ಕೊಳಗವನ್ನು ಆಟೋಗೆ ಹೇರಿಸಿದರು. ಉಳಿದ ಪಾತ್ರೆಗಳ ಸುದ್ದಿ ಎತ್ತಲಿಲ್ಲ.

ಆಟೋ ತಿರುವು ದಾಟುವವರೆಗೂ ರೇವಣಸಿದ್ದ ನೋಡುತ್ತ ನಿಂತ. ನಂಜಯ್ಯ ಸ್ಟೂಲು ಎಳೆದುಕೊಂಡು ಕೂತರು.

"ಅದಕ್ಕೇ ನಾನು ನೈಟ್ರೋಜನ್ ಅಂದಿದ್ದು."

ರೇವಣಸಿದ್ದನಿಗೆ ಅಳು ಬರುವಂತಾಯಿತು. ಆದರೂ ಕೈ ಅಭ್ಯಾಸದಂತೆ ಹೋಗಿ ಅವರಿಗೆ ಫ್ಯಾನು ಹಾಕಿತು.