ಮೂರು ಅಮೆರಿಕನ್ ಗಾಡಿ, ಒಂದು ಕೆಟ್ಟ ಎಸಿ

ಹಳೇ ಅಮೆರಿಕನ್ ಗಾಡಿ ಸಾಕಿದವರ ಬದುಕಿನಲ್ಲಿ ನಗುವಿನ ಸಂಗತಿಗಳಿಗೆ ಬರಗಾಲ ಇಲ್ಲ. ನಗುವುದು ಮಾತ್ರ ಯಾವಾಗಲೂ ಬೇರೆಯವರು. ನಾನು ದುಬೈಯಲ್ಲಿ ಒಂದಲ್ಲ, ಮೂರು ಸಾಕಿದ್ದೆ. ಹಡಗಿನ ಹಾಗೆ ಉದ್ದದ ಬಿಳಿ, ಯಾವಾಗಲೂ ಹೊಗೆ ಬಿಡುವ ನೀಲಿ, ಎರಡೇ ಬಾಗಿಲಿನ ಕೆಂಪು. ಮೂರನ್ನೂ ಊರು ಬಿಟ್ಟು ಹೋಗುವವರಿಂದ ಹಾಳಾದ ಸ್ಥಿತಿಯಲ್ಲೇ ತಗೊಂಡು, ಒಂದೊಂದಾಗಿ ಸರಿ ಮಾಡಿಸಿದ್ದು. ಸರಿ ಮಾಡಿಸಿದ್ದು ಅಂತ ನಾನು ಹೇಳುವಾಗ ನನ್ನ ಹೆಂಡತಿ ಈಗಲೂ ಆಚೆ ಮುಖ ತಿರುಗಿಸುತ್ತಾಳೆ.

ನಮ್ಮ ಮನೆ ಅಲ್ ಕುಸೈಸ್‌ನ ಫ್ಲ್ಯಾಟಿನಲ್ಲಿ. ಗಾಡಿಗಳ ಮನೆ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ. ಗ್ಯಾರೇಜಿನ ಧಣಿ ಉಳ್ಳಾಲ ಕಡೆಯ ಬ್ಯಾರಿ. ಹೆಂಡತಿ ಮಕ್ಕಳು ಊರಿನಲ್ಲಿ, ದುಬೈಯಲ್ಲಿ ಅವರೊಬ್ಬರೇ. ನಾನು ಕೊಂಕಣಿ ಕ್ರಿಶ್ಚಿಯನ್ ಆದ ಕಾರಣ ಅವರು ನನ್ನನ್ನು ಊರಿನ ಕ್ರಮದಲ್ಲಿ ಪೊರ್ಬುಗಳೇ ಅಂತ ಕರೆಯುವುದು, ನಾನು ಅವರನ್ನು ಬ್ಯಾರಿಗಳೇ ಅಂತ. ಪ್ರತಿ ಶನಿವಾರ ನಾನು ಅಲ್ಲಿ ಹಾಜರು. ಅವರು ಬಾನೆಟ್ ಎತ್ತಿ, ಒಳಗೆ ಇಣುಕಿ, ಐಸಿಯುವಿನಿಂದ ಹೊರಗೆ ಬಂದ ಡಾಕ್ಟರ್ ಹಾಗೆ ತಲೆ ಆಡಿಸುತ್ತಿದ್ದರು. ಆಮೇಲೆ ಇಬ್ಬರೂ ಹಾಲಿಲ್ಲದ ಸುಲೈಮಾನಿ ಚಾ ಕುಡಿದು ಸಂಜೆವರೆಗೆ ಊರಿನ ಸುದ್ದಿ ಮಾತಾಡುತ್ತಿದ್ದೆವು.

ಯಾರದ್ದು ಹೋಯ್ತು?

ಬಿಳಿ ಗಾಡಿಯ ಡಿಕ್ಕಿ ನಮ್ಮ ಅಡುಗೆಕೋಣೆಗಿಂತ ದೊಡ್ಡದು. ಇದು ಬಿಲ್ಡಿಂಗಿನವರಿಗೆಲ್ಲ ಬೇಗ ಗೊತ್ತಾಯಿತು. ಯಾರದಾದರೂ ಕೆಲಸ ಹೋಗಿ ವೀಸಾ ಕ್ಯಾನ್ಸಲ್ ಆದರೆ ಅವರ ರಟ್ಟಿನ ಪೆಟ್ಟಿಗೆ, ಹಗ್ಗ ಬಿಗಿದ ಟಿವಿ, ಸುತ್ತಿದ ಕಂಬಳಿ ಎಲ್ಲ ನಮ್ಮ ಬಿಳಿಯಲ್ಲೇ ಏರ್‌ಪೋರ್ಟಿಗೆ. ನನಗೆ ಇಲ್ಲ ಅನ್ನಲಿಕ್ಕೆ ಬರುವುದಿಲ್ಲ. ಹೋಗುವವರು ಹಿಂದಿನ ಸೀಟಿನಲ್ಲಿ ಕೂತು ಮುಖ ಒರೆಸಿಕೊಳ್ಳುತ್ತಿದ್ದರು. ಗಾಡಿಯ ಎಸಿ ಕೆಟ್ಟಿತ್ತು, ಹಾಗಾಗಿ ಅದು ಬೆವರೋ ಕಣ್ಣೀರೋ ಅಂತ ಗೊತ್ತಾಗುತ್ತಿರಲಿಲ್ಲ. ಅಷ್ಟಾದರೂ ಉಪಕಾರ ಅದರಿಂದ ಆಗುತ್ತಿತ್ತು.

ಬರಬರುತ್ತಾ ಬಿಳಿ ಗಾಡಿ ಕೆಳಗೆ ಬಂದು ನಿಂತರೆ ಸಾಕು, ಬಾಲ್ಕನಿಗಳಲ್ಲಿ ತಲೆಗಳು ಕಾಣಿಸುತ್ತಿದ್ದವು. ಯಾರದ್ದು ಹೋಯ್ತಂತೆ ಅಂತ ಪಿಸಪಿಸ ಶುರು. ಒಂದು ದಿನ ನಾನು ಇಗರ್ಜಿಯ ಪೂಜೆಗೆ ಹೋಗಲಿಕ್ಕೆಂದು ಅದನ್ನು ತಂದು, ಜಾಗ ಸಿಗದೆ, ಮೇಲಿನ ಮಹಡಿಯ ಹುಡುಗನೊಬ್ಬನ ಕಾರಿನ ಪಕ್ಕ ನಿಲ್ಲಿಸಿದೆ. ಅವನು ಹೋಟೆಲಿನಲ್ಲಿ ಕೆಲಸಕ್ಕಿದ್ದವನು, ಅಂದು ರಜೆ. ಲುಂಗಿಯಲ್ಲೇ ಮೆಟ್ಟಿಲಿಳಿದು ಓಡಿಬಂದ. ಮುಖದಲ್ಲಿ ರಕ್ತ ಇಲ್ಲ.

"ಅಂಕಲ್, ನನಗೆ ಹೇಳುವ ಮೊದಲೇ ಮ್ಯಾನೇಜರ್ ನಿಮಗೆ ಹೇಳಿದ್ರಾ?"

ಐಸು

ಅಬುಧಾಬಿಯ ಅಲ್ ಮೀನಾದಲ್ಲಿ ಒಳ್ಳೆ ಮೀನು ಸಿಗುತ್ತದೆ ಅಂತ ಒಮ್ಮೆ ಹೆಂಡತಿಯನ್ನು ಬಿಳಿಯಲ್ಲಿ ಕರೆದುಕೊಂಡು ಹೋದೆ. ಬೇಸಗೆ. ಅಂಜಲ್, ಸಿಗಡಿ ಎಲ್ಲ ಐಸು ತುಂಬಿದ ಡಬ್ಬದಲ್ಲಿ ಇಟ್ಟು ವಾಪಸು ಬರುವಾಗ ನಡುದಾರಿಯಲ್ಲಿ ಎಂಜಿನ್ ಕುದಿದು ನಿಂತಿತು. ಎರಡೂ ಕಡೆ ಮರಳು, ಎದುರಿಗೆ ಹೊಗೆ. ನಾನು ಬ್ಯಾರಿಗಳಿಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಹೆಂಡತಿ ಡಬ್ಬ ಬಿಚ್ಚಿ, ಐಸನ್ನು ಟವೆಲಿನಲ್ಲಿ ಕಟ್ಟಿ ನೆತ್ತಿಯ ಮೇಲೆ ಇಟ್ಟುಕೊಂಡಳು. ಮೀನು ಹಾಳಾಗ್ತದೆ ಮಾರಾಯ್ತಿ ಅಂದೆ.

"ಮೀನು ಸತ್ತಾಗಿದೆ. ನನ್ನಲ್ಲಿ ಇನ್ನೂ ಚೂರು ಜೀವ ಉಂಟು," ಅಂದಳು.

ಬ್ಯಾರಿಗಳು ಗಾಡಿ ಎಳೆಯುವ ಲಾರಿ ತಂದು ನೋಡಿದರು. ರೇಡಿಯೇಟರ್ ಮಾಡಬಹುದು, ಆದರೆ ಎಸಿ ಖಲಾಸ್, ಅದರ ಪಾರ್ಟು ಅಮೆರಿಕದಿಂದಲೇ ಬರಬೇಕು, ಈಗ ಮಾಫಿ, ಎಲ್ಲಿಯೂ ಇಲ್ಲ ಅಂದರು. ಆ ಪಾರ್ಟಿನ ಸುದ್ದಿ ಕೇಳಲಿಕ್ಕೆ ಅಂತ ನಾನು ಆಮೇಲೆ ಒಂದೇ ಒಂದು ಶನಿವಾರ ತಪ್ಪಿಸಲಿಲ್ಲ.

ಹೆಣ್ಣು ನೋಡುವವರು

ಕಡೆಗೆ ನನ್ನದೂ ಸರದಿ ಬಂತು. ಕಂಪೆನಿಯವರು ವಯಸ್ಸಾಯಿತು ಅಂತ ಒಂದು ಕೇಕ್ ಕತ್ತರಿಸಿ ಮನೆಗೆ ಕಳಿಸಿದರು. ಊರಿಗೆ ಹೋಗಲೇಬೇಕು. ಎಡಗಡೆ ಸ್ಟೀರಿಂಗಿನ ಮುದಿ ಗಾಡಿಗಳನ್ನು ಮಂಗಳೂರಿಗೆ ಕೊಂಡುಹೋಗುವ ಹಾಗಿಲ್ಲ. ನನ್ನ ಆಸೆ ಇದ್ದದ್ದು ಒಂದೇ, ಮೂರೂ ಓಡಿಸುವವರ ಕೈಗೆ ಸೇರಬೇಕು, ಗುಜರಿಗೆ ಬೀಳಬಾರದು. ಅದನ್ನೇ ನೆನೆದು ನನಗೆ ಅನ್ನ ಸೇರುತ್ತಿರಲಿಲ್ಲ.

ಕೆಂಪನ್ನು ನೋಡಲಿಕ್ಕೆ ಮೊದಲು ನಮ್ಮ ಕಡೆಯ ಒಬ್ಬರು ಬಂದರು. ಗಾಡಿಯನ್ನು ತೊಳೆದು ಕೆಳಗೆ ನಿಲ್ಲಿಸಿ, ಅವರನ್ನು ಮನೆಗೆ ಕರೆದು ಕೂರಿಸಿದೆ. ಹೆಂಡತಿ ಗೋಳಿಬಜೆ, ಚಾ ತಂದಿಟ್ಟು ಎದುರಿಗೆ ಕೂತಳು. ಆಮೇಲೆ ಗಾಡಿಯ ಒಂದೊಂದೇ ಗುಣ ಹೇಳಲಿಕ್ಕೆ ಶುರು ಮಾಡಿದಳು. ಎಡಬದಿಯ ಬಾಗಿಲು ಒಳಗಿಂದ ತೆರೆಯುವುದಿಲ್ಲ, ಬ್ರೇಕಿಗೆ ಮುಂಚಿತವಾಗಿ ತಿಳಿಸಬೇಕು, ಪೆಟ್ರೋಲು ಮಾತ್ರ ಎಷ್ಟು ಹಾಕಿದರೂ ಬೇಡ ಅನ್ನುವುದಿಲ್ಲ. ಬಂದವರು ಗೋಳಿಬಜೆಯನ್ನು ಮಾತ್ರ ಮುಗಿಸಿ ಎದ್ದು ಹೋದರು. ನನಗೆ ಮಂಡೆ ಬಿಸಿ ಆಯಿತು. ನಿನಗೆ ಎಂತ ಆಗಿದೆ ಅಂತ ಬೈದೆ. ಹೆಣ್ಣು ಕೊಡುವಾಗ ಮುಚ್ಚಿಡಬಾರದು, ನಾಳೆ ಮಾತು ಬರ್ತದೆ ಅಂದಳು.

ಆಮೇಲೆ ಬಂದದ್ದು ಆ ದೇಶದವನೇ ಆದ ಒಬ್ಬ ಅರಬ್ ತರುಣ. ಅವನಿಗೂ ಗೋಳಿಬಜೆ ಕೊಟ್ಟು ಇವಳು ಅದೇ ಗುಣಗಾನ ಮಾಡಿದಳು, ಒಂದು ದೋಷವನ್ನೂ ಬಿಡಲಿಲ್ಲ. ಅವನು ಎಲ್ಲದಕ್ಕೂ ತಲೆದೂಗಿ, ನಗುತ್ತಾ ಅಲ್ಲೇ ವ್ಯಾಪಾರ ಮುಗಿಸಿದ. ಪುಣ್ಯಕ್ಕೆ ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಎಂಜಿನ್ ಬೇಡ

ನೀಲಿಯನ್ನು ಹೊಸದಾಗಿ ತೆರೆಯುವ ಒಂದು ಕೆಫೆಯವರು ತಗೊಂಡರು. ನೀಲಿಯ ಎಂಜಿನ್ ಅಂದರೆ ನನ್ನ ಅರ್ಧ ಆಯುಷ್ಯ. ಎಷ್ಟು ಸಲ ಬಿಚ್ಚಿದೆವೋ, ಎಷ್ಟು ಸಲ ಕೂಡಿಸಿದೆವೋ, ದೇವರಿಗೇ ಗೊತ್ತು. ಕಡೆಗೆ ಮಾರುವ ಹೊತ್ತಿಗೆ ಹೊಗೆ ನಿಂತು ಒಳ್ಳೆ ಸದ್ದು ಬರುತ್ತಿತ್ತು. ಆ ಸದ್ದನ್ನು ಅವರಿಗೆ ಕೇಳಿಸಿ, ಎಣ್ಣೆ ಯಾವಾಗ ಬದಲಿಸಬೇಕು ಅಂತೆಲ್ಲ ವಿವರಿಸಿ, ಬಾನೆಟ್ ತಟ್ಟಿ ಬೀಳ್ಕೊಟ್ಟೆ. ಅವರೂ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು.

ವಾರ ಕಳೆಯುವುದರೊಳಗೆ ಗ್ಯಾರೇಜಿನ ಎದುರು ಒಂದು ಪಿಕಪ್ ಬಂದು ನಿಂತಿತು. ಹಿಂದೆ ಪ್ಲಾಸ್ಟಿಕ್ ಸುತ್ತಿದ ನನ್ನ ಎಂಜಿನ್. ಬಾನೆಟ್ಟಿನ ಒಳಗೆ ಗಿರಾಕಿಗಳಿಗೆ ಕೈ ತೊಳೆಯುವ ಬೇಸಿನ್ ಇಡ್ತಾರಂತೆ, ಇದು ಅಡ್ಡ ಆಗ್ತದೆ, ನಿಮಗೆ ಪ್ರೀತಿ ಅಂತ ಕೇಳಿದ್ದೇವೆ, ಇಟ್ಟುಕೊಳ್ಳಿ ಅಂತ ಡ್ರೈವರ್ ಹೇಳಿ ಹೋದ. ನಾನು ಅದರ ಎದುರು ಸ್ಟೂಲ್ ಹಾಕಿ ಸುಮ್ಮನೆ ಕೂತೆ. ಹೆಂಡತಿಗೆ ಫೋನ್ ಮಾಡಿ ಹೇಳಿದೆ.

"ಊರಿಗೆ ತಗೊಂಡು ಹೋಗುವ ಯೋಚನೆ ಇದ್ದರೆ, ನಾನು ಬೇರೆ ಫ್ಲೈಟಲ್ಲಿ ಬರ್ತೇನೆ," ಅಂದಳು.

ಬಿಳಿ

ಉಳಿದದ್ದು ಬಿಳಿ. ಅದನ್ನು ಧರ್ಮಕ್ಕೆ ಕೊಡ್ತೇನೆ ಅಂದರೂ ಯಾರಿಗೂ ಬೇಡ. ನಮ್ಮವರಂತೂ ಆ ಮಾತೆತ್ತಿದರೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಮನೆಯ ಎದುರು ಅದನ್ನು ಕಟ್ಟಿಕೊಂಡರೆ ಕೆಲಸ ಉಳಿಯುವುದುಂಟಾ ಅಂತ ಅವರ ಲೆಕ್ಕ. ಅಬುಧಾಬಿಯಲ್ಲಿ ಆಸ್ಪತ್ರೆ ಕೆಲಸಕ್ಕಿರುವ ನನ್ನ ಮಗಳು, ಡ್ಯಾಡಿ, ಜಸ್ಟ್ ಸ್ಕ್ರ್ಯಾಪ್ ಇಟ್ ಅಂತ ಫೋನಿಟ್ಟಳು. ನಾನು ಗುಜರಿಯವನ ನಂಬರ್ ಹಿಡಿದು ಗ್ಯಾರೇಜಿನಲ್ಲಿ ಕೂತಿದ್ದೆ. ಬ್ಯಾರಿಗಳು ಚಾ ಲೋಟ ಕೆಳಗಿಟ್ಟು, ನಾನು ಇಟ್ಟುಕೊಳ್ತೇನೆ, ನನ್ನ ಹೆಸರಿಗೆ ಮಾಡಿ ಅಂದರು. ಅಷ್ಟೇ.

ನಾವು ಹೊರಟ ದಿನ ಅವರೇ ಬಿಳಿಯನ್ನು ತಂದರು. ಬಾಲ್ಕನಿಗಳಲ್ಲಿ ತಲೆಗಳು ಬಂದವು. ಯಾರದ್ದು ಅಂತ ಈ ಸಲ ಯಾರೂ ಕೇಳಲಿಲ್ಲ. ಪೆಟ್ಟಿಗೆಗಳನ್ನೆಲ್ಲ ತುಂಬಿ ನಾನು ಮುಂದೆ ಕೂತೆ, ಹೆಂಡತಿ ಟವೆಲ್ ಹಿಡಿದು ಹಿಂದೆ ಕೂತಳು. ಅಷ್ಟು ಜನರನ್ನು ನಾನು ಹೀಗೆಯೇ ಬಿಟ್ಟು ಬಂದಿದ್ದೆ. ನನ್ನ ಸರದಿ ಬಂದಾಗ ಎದೆ ಇಷ್ಟು ಭಾರ ಆಗ್ತದೆ ಅಂತ ಗೊತ್ತಿರಲಿಲ್ಲ. ಬೆವರು ಬರಲಿ, ಅದರಲ್ಲಿ ಅತ್ತರೂ ಗೊತ್ತಾಗುವುದಿಲ್ಲ ಅಂತ ಕಾದೆ.

ಬೆವರು ಬರಲಿಲ್ಲ. ಮುಖಕ್ಕೆ ತಣ್ಣಗೆ ಗಾಳಿ ಬಡಿಯಿತು. ಎಸಿ ಓಡುತ್ತಿತ್ತು.

"ಬ್ಯಾರಿಗಳೇ, ಪಾರ್ಟು ಬಂತಾ?"

"ಬಂದು ತುಂಬ ವರ್ಷ ಆಯ್ತು," ಅಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ. "ಕಪಾಟಿನಲ್ಲಿ ಇತ್ತು."

"ಮತ್ತೆ ಹಾಕ್ಲಿಲ್ಲ ಯಾಕೆ?"

ಅವರು ಎಸಿಯ ಗಾಳಿಯನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ಮೆಲ್ಲ ಕೇಳಿದರು, "ಹಾಕಿದ್ರೆ ನೀವು ಶನಿವಾರ ಬರ್ತಿದ್ರಾ, ಪೊರ್ಬುಗಳೇ?"

ಕಣ್ಣೀರು ಬಂದದ್ದನ್ನು ಅಡಗಿಸಲಿಕ್ಕೆ ಒಂದು ಹನಿ ಬೆವರೂ ಇರಲಿಲ್ಲ. ಅವರೂ ಕೈಯ ಹಿಂಭಾಗದಿಂದ ಮೂಗು ಒರೆಸಿಕೊಂಡರು. ಆಗ ಹಿಂದಿನ ಸೀಟಿನಿಂದ, ಚಳಿಗೆ ಟವೆಲ್ ಹೊದ್ದುಕೊಂಡಿದ್ದ ನನ್ನ ಹೆಂಡತಿಯ ಸ್ವರ ಬಂತು.

"ಹಾಗಾದ್ರೆ ಇಷ್ಟು ವರ್ಷ ನಾನು ಬೆಂದದ್ದು ನಿಮ್ಮಿಬ್ಬರ ದೋಸ್ತಿಗಾ? ನನಗೊಂದು ಮಾತು ಹೇಳಬಾರದಿತ್ತಾ ಬ್ಯಾರಿಗಳೇ? ಎಸಿ ಹಾಕಿಸಿಕೊಂಡು, ಇವರನ್ನು ಭಾನುವಾರವೂ ನಾನೇ ಕಳಿಸ್ತಿದ್ದೆ."