ಅಸ್ತರ್ ಹಾಕಿದ ರೆಪ್ಪೆ

ಹೋಟೆಲು ನಡೆಸುವವರ ಮೈಗೆ ಏನಾದರೂ ಆದರೆ ಅದು ಅವರೊಬ್ಬರದೇ ಆಗಿ ಉಳಿಯುವುದಿಲ್ಲ. ನಾನು ಹುಟ್ಟಿದ್ದು ಕುಂದಾಪುರದ ಹತ್ತಿರದ ಹಳ್ಳಿಯಲ್ಲಿ. ಮದುವೆಯಾಗಿ ಬಂದು, ಬ್ಯಾಡಗಿಯ ಬಸ್ ಸ್ಟ್ಯಾಂಡಿನ ಬಳಿ ಗಂಡನ ಜೊತೆ ಇಡ್ಲಿ, ಬನ್ಸ್ ಮಾಡುತ್ತಾ ಮಾಡುತ್ತಾ ಮುದುಕಿಯಾದೆ. ಇಷ್ಟು ವರ್ಷಗಳಲ್ಲಿ ನಾನು ಒಂದು ಸಲ ಕೆಮ್ಮಿದರೂ ನಾಲ್ಕು ಟೇಬಲಿನವರು ಔಷಧ ಹೇಳಿದ್ದಾರೆ. ಹೀಗಿರುವಾಗ ಎಡಗಣ್ಣಿನ ಕೆಳರೆಪ್ಪೆಯ ಮೇಲೆ ಸಾಬೂದಾಣಿ ಕಾಳಿನಷ್ಟು ಗಂಟು ಎದ್ದರೆ ಸುಮ್ಮನೆ ಬಿಡುತ್ತಾರೆಯೇ?

೧. ಕೆಟ್ಟ ಕಾಯಿ

"ಕುರು ಐತ್ರಿ ಅಮ್ಮಾರ, ಲವಂಗ ತೇಯ್ದು ಹಚ್ಚ್ರಿ" ಎಂದರು ಒಬ್ಬ ಮೆಣಸಿನಕಾಯಿ ದಲಾಲರು.

"ಲವಂಗ ಉರಿತೈತಿ. ಹರಳೆಣ್ಣಿ ಹಚ್ಚ್ರಿ" ಎಂದ ಬಸ್ ಡ್ರೈವರ್.

ಕದರಮಂಡಲಗಿಗೆ ಹೋಗಿ ಆಂಜನೇಯನ ದರ್ಶನ ಮಾಡಿಕೊಂಡು ಬಂದಿದ್ದ ಅಜ್ಜ ಕಾಗದದಲ್ಲಿ ಕಟ್ಟಿದ್ದ ಸಿಂಧೂರವನ್ನೇ ಬಿಚ್ಚಿದ.

ನನ್ನ ಗಂಡ ಒಳಗಿನಿಂದ ಕೂಗಿ ಹೇಳಿದರು: "ಇಷ್ಟೆಲ್ಲ ಹಚ್ರೆ ಅದ್ ಕಣ್ಣಲ್ಲ ಮಾರಾಯ್ತಿ, ಪಲಾವ್ ಆತ್ತ್!"

ಹೀಗೆ ನಗುತ್ತಲೇ ಕೆಲವು ತಿಂಗಳು ಕಳೆದವು. ಕೊನೆಗೆ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದವಳು, ದಿನಾ ಬೆಳಿಗ್ಗೆ ಚಹಾ ಕುಡಿಯಲು ಬರುವ ಗೆಳತಿ. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಆಕೆಯ ಕೆಲಸ. ಇಪ್ಪತ್ತು ವರ್ಷದಿಂದ ಅದೇ.

"ಅಮ್ಮಾರ, ಇಲ್ಲೆ ರೆಪ್ಪಿ ಕೂದಲಾ ಎಲ್ಲಿ ಹೋದುವು?"

"ಉದುರಿದವು."

"ರಕ್ತ ಬರ್ತೈತೇನು?"

"ಒಂದೊಂದು ಸಲ. ಆಮೇಲೆ ಒಣಗುತ್ತದೆ."

"ದಿನಾ ಚೀಲಗಟ್ಟಲೆ ಕಾಯಿ ನೋಡ್ತೇನಿ ನಾನು. ಕೆಟ್ಟ ಕಾಯಿ ಯಾವುದಂತ ಕೈಯಾಗ ಹಿಡಿಯೂದ್ರಾಗ ತಿಳಿತೈತಿ. ಇದು ಕುರು ಅಲ್ಲ. ನಾಳೆ ಹಾವೇರಿಗೆ ಹೋಗೂಣು ನಡೀರಿ."

ಹಾವೇರಿಯ ಕಣ್ಣಿನ ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ವರದಿಗೆ ಹೋದಾಗ ಆಕೆ ಹೇಳಿದ್ದೇ ನಿಜವಾಯಿತು. ಅದು ಕ್ಯಾನ್ಸರ್. ಬೇರೆ ಕಡೆ ಹರಡುವುದು ಅಪರೂಪ, ಆದರೆ ಕುಳಿತ ಜಾಗವನ್ನೇ ನಿಧಾನವಾಗಿ ತಿನ್ನುವ ಜಾತಿ. ಬಿಟ್ಟರೆ ಕಣ್ಣಿಗೇ ಇಳಿಯುತ್ತದೆ ಎಂದರು.

ಮರುದಿನ ಬೆಳಿಗ್ಗೆ ಆಕೆ ಹೋಟೆಲಿನ ನಡುವೆ ನಿಂತು, "ಇನ್ನ ಯಾರರ ಲವಂಗ ಅಂದ್ರ ನೋಡ್ರಿ ಮತ್ತ!" ಎಂದಳು. ದಲಾಲರು ಅಂದಿನಿಂದ ಚಹಾಕ್ಕೆ ಏಲಕ್ಕಿ ಕೇಳುವುದನ್ನೂ ಬಿಟ್ಟರು.

೨. ಮ್ಯಾಚಿಂಗ್

ರೆಪ್ಪೆಯ ಆಪರೇಷನ್ ಮಾಡುವ ಡಾಕ್ಟರು ವಾರಕ್ಕೆ ಎರಡು ಸಲ ರಾಣೆಬೆನ್ನೂರಿನ ಒಂದು ಆಸ್ಪತ್ರೆಗೆ ಬರುತ್ತಿದ್ದರು. ಗಂಡ, ಗೆಳತಿಯ ಜೊತೆ ನಾನು ಗಡ್ಡ ನೆರೆತ ಯಾರನ್ನೋ ಎಣಿಸಿಕೊಂಡು ಹೋದರೆ, ಕುರ್ಚಿಯಲ್ಲಿ ಕುಳಿತಿದ್ದದ್ದು ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಆದರೆ ಆ ಬೆರಳುಗಳು! ನನ್ನ ರೆಪ್ಪೆಯನ್ನು ಮಡಿಸಿ ನೋಡಿ ಬಿಟ್ಟದ್ದು ನನಗೇ ತಿಳಿಯಲಿಲ್ಲ.

ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಗಂಟನ್ನು ತೆಗೆದರೆ ಕೆಳರೆಪ್ಪೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಹೊಸದನ್ನು ಕಟ್ಟಬೇಕು. ಒಳಪದರಕ್ಕೆ ಮೇಲಿನ ರೆಪ್ಪೆಯ ಒಳಭಾಗದಿಂದ ಒಂದು ಪಟ್ಟಿಯನ್ನು ಕಣ್ಣಿನ ಮುಂದೆ ಕೆಳಗೆ ಇಳಿಸಿ ಹೊಲಿಯುತ್ತಾರೆ. ಹೊರಗಿನ ಚರ್ಮಕ್ಕೆ ಕಿವಿಯ ಹಿಂದಿನಿಂದ ಒಂದು ತುಂಡು. ಆ ಪಟ್ಟಿ ಕೆಳಗೆ ಬೇರೂರುವ ತನಕ, ಅಂದರೆ ಒಂದೂವರೆ ತಿಂಗಳು, ಕಣ್ಣು ಮುಚ್ಚಿಯೇ ಇರಬೇಕು. ಆಮೇಲೆ ಪಟ್ಟಿಯನ್ನು ಕತ್ತರಿಸಿ ಕಣ್ಣು ಬಿಡಿಸುತ್ತಾರೆ.

ನನ್ನ ಗಂಡ ಎಲ್ಲವನ್ನೂ ಕೇಳಿ ಬೆವರು ಒರೆಸಿಕೊಂಡರು. ಗೆಳತಿ ಮಾತ್ರ ತಲೆಯಾಡಿಸಿದಳು. "ಒಳಗ ಅಸ್ತರ್ ಬಟ್ಟಿ ಹಚ್ಚಿ ಜಂಪರ ಹೊಲದಂಗ ಅಂತ ಹೇಳ್ರಿ, ತಿಳಿತೈತಿ."

ಡಾಕ್ಟರು ನಕ್ಕು, "ಇಷ್ಟು ಚೆನ್ನಾಗಿ ನಾನೂ ಹೇಳಿರಲಿಲ್ಲ" ಎಂದರು.

ಗಂಡ ಮೆಲ್ಲಗೆ ಕೇಳಿದರು, "ಬಣ್ಣ ಮ್ಯಾಚಿಂಗ್ ಆಗ್ತದಾ?"

"ಕಿವಿ ಹಿಂದಿನ ಚರ್ಮ ಬಿಸಿಲು ಕಂಡಿರೋದಿಲ್ಲ. ಸ್ವಲ್ಪ ಬೆಳ್ಳಗೆ ಕಾಣಬಹುದು."

"ಹಂಗಾದ್ರ," ಎಂದಳು ಗೆಳತಿ, "ಅಮ್ಮಾರ ಮುಖಾ ಪೂರಾ ಕಿವಿ ಹಿಂದಿಂದ ಮಾಡಿಬಿಡ್ರಿ."

೩. ಎಳೆಯಬಾರದು

ಮೊದಲು ಗಂಟನ್ನು ತೆಗೆದು, ಅಂಚಿನಲ್ಲಿ ಏನೂ ಉಳಿದಿಲ್ಲ ಎಂದು ವರದಿ ಬರುವ ತನಕ ಕಣ್ಣಿಗೆ ಬ್ಯಾಂಡೇಜ್ ಕಟ್ಟಿ ಕೂರಿಸಿದ್ದರು. ಆ ನಾಲ್ಕು ದಿನ ನನ್ನ ಗಂಡ ಸಾಂಬಾರಿಗೆ ಎರಡೆರಡು ಸಲ ಉಪ್ಪು ಹಾಕಿದರು. ಗಿರಾಕಿಗಳು ಇನ್ನೊಂದು ಲೋಟ ನೀರು ಕೇಳಿ ಕುಡಿದು ಹೋದರು. ಅಂಚು ಸ್ವಚ್ಛ ಎಂದು ಗೊತ್ತಾದ ಮೇಲೆ ರೆಪ್ಪೆ ಕಟ್ಟಲು ಕರೆದರು.

ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು. ನೋವಿಲ್ಲ, ಎಚ್ಚರ ಪೂರ್ತಿ ಇದೆ. ಮುಗಿಯಿತೇ ಎಂದು ನಾನು ಆಗಲೇ ಎರಡು ಸಲ ಕೇಳಿದ್ದೆ. ಡಾಕ್ಟರು, "ಅಜ್ಜಿ, ಬನ್ಸ್ ಹೇಗೆ ಮಾಡ್ತೀರಿ ಹೇಳಿ" ಎಂದರು.

ಶುರು ಮಾಡಿದೆ. ಹಣ್ಣಾಗಿ ಕಪ್ಪು ಚುಕ್ಕೆ ಬಂದ ಬಾಳೆಹಣ್ಣೇ ಬೇಕು. ಮೊಸರು ತುಸು ಹುಳಿ ಇರಬೇಕು. ಜೀರಿಗೆ ಹಾಕಿ ಮೈದಾ ಕಲಸಿ ಬಟ್ಟೆ ಮುಚ್ಚಿಡಬೇಕು. "ಲಟ್ಟಿಸುವಾಗ ಎಳೆಯಬಾರದು. ಎಳೆದರೆ ಉಬ್ಬುವುದಿಲ್ಲ."

"ನಾನೂ ಅದನ್ನೇ ಮಾಡ್ತಿದ್ದೀನಿ ಅಜ್ಜಿ. ಎಳೀದ ಹಾಗೆ ಕೂರಿಸ್ತಿದ್ದೀನಿ. ಎಳೆದರೆ ರೆಪ್ಪೆ ಕೆಳಗೆ ಜೋತುಬೀಳುತ್ತೆ."

ಕೂದಲಿಗಿಂತ ತೆಳ್ಳಗಿನ ದಾರ ಅದು ಎಂದು ನರ್ಸ್ ಆಮೇಲೆ ಹೇಳಿದಳು. ಎರಡು ತಾಸು ಆ ಹುಡುಗಿ ನೀರು ಕೂಡ ಕುಡಿಯಲಿಲ್ಲ. ನಾನು ಎಣ್ಣೆ ಕಾಯುವ ಹದ, ಬನ್ಸ್ ಪೂರಿಯಂತೆ ಉಬ್ಬಿ ಕೆಂಪಗಾಗುವ ಬಗೆ ಎಲ್ಲವನ್ನೂ ಹೇಳಿದೆ.

ಕೊನೆಗೆ ನರ್ಸ್ ಅಂಗಲಾಚಿದಳು: "ಮೇಡಂ, ಲಗೂ ಮುಗಸ್ರಿ. ಇವರು ಇನ್ನ ಚಟ್ನಿಗೆ ಬಂದ್ರ ನಾ ಇಲ್ಲೇ ಬೀಳ್ತೇನಿ."

೪. ಬಿಸಿ ಇದೆ

ಬ್ಯಾಂಡೇಜ್ ಬಿಚ್ಚಿದ ಮೇಲೆ ಎಡಗಣ್ಣು ಮುಚ್ಚಿ, ಬಲಗಣ್ಣು ತೆರೆದ ಮುಖ ಹೊತ್ತು ಹೋಟೆಲಿನ ಬಾಗಿಲಲ್ಲಿ ಕುಳಿತೆ. ಒಲೆಯ ಹೊಗೆಗೆ ಹೋಗಬಾರದೆಂದು ಡಾಕ್ಟರ ಅಪ್ಪಣೆ.

ಊರಿನವರಿಗೆ ವಿಷಯ ಗೊತ್ತು. ಗುತ್ತಲದ ಬಸ್ಸಿನಲ್ಲಿ ಬಂದ ಹಿರಿಯರೊಬ್ಬರಿಗೆ ಹೇಗೆ ಗೊತ್ತಾಗಬೇಕು? "ಇಡ್ಲಿ ಬಿಸಿ ಅದಾವೇನ್ರಿ?" ಎಂದು ಕೇಳಿದರು.

"ಈಗಷ್ಟೇ ಇಳಿಸಿದ್ದು" ಎಂದೆ, ಒಂದೇ ಕಣ್ಣಿನಿಂದ ನೋಡುತ್ತಾ.

ಅವರು ನನ್ನ ಮುಖ ನೋಡಿದರು, ಒಳಗೆ ನೋಡಿದರು, ತಲೆದೂಗಿ ಹೋಗಿ ಕುಳಿತು, ಮೆಲ್ಲಗೆ ಗಂಡನಿಗೆ ಹೇಳಿದರು: "ಉಪ್ಪಿಟ್ಟು ಕೊಡ್ರಿ. ಇಡ್ಲಿ ಬ್ಯಾಡ. ಅಮ್ಮಾರು ಕಣ್ಣಾಗ ಸೂಚನಾ ಕೊಟ್ಟಾರ."

ಅದೇ ದಿನ ಕುಂದಾಪುರದ ಕಡೆಯಿಂದ ತಂಗಿ ವಿಡಿಯೋ ಕಾಲ್ ಮಾಡಿದಳು. "ಅಕ್ಕಾ, ಕಣ್ಣ್ ಹೊಡುದ್ ಸಾಕ್, ವಿಷ್ಯ ಹೇಳ್" ಎಂದವಳು, ವಿಷಯ ತಿಳಿದ ಮೇಲೆ ಗೊಳೋ ಎಂದು ಅತ್ತಳು. "ಅಲ್ಲಿ ನಿಂಗ್ ಯಾರಿದ್ರ್? ಊರಿಗ್ ಬಾ" ಎಂದಳು.

ಯಾರಿದ್ದಾರೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಗೆಳತಿ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು, "ನಾ ಇದ್ದೇನ್ರಿ ಅಕ್ಕಾರ. ಅಳಬ್ಯಾಡ್ರಿ. ಅತ್ತ್ರೂ ಭುಜಕ್ಕ ಒರಸ್ಕೋರಿ, ಕಣ್ಣಿಗೆ ಕೈ ಹಚ್ಚಬ್ಯಾಡ್ರಿ" ಎಂದಳು.

೫. ಕಾವಲು

ಕೈ ಹಚ್ಚಬಾರದು ಎನ್ನುವುದೇ ದೊಡ್ಡ ಕಷ್ಟವಾಗಿತ್ತು. ಗಾಯ ಮಾಯುವಾಗ ತುರಿಕೆ. "ಒಂದು ಸಲ ಜೋರಾಗಿ ಉಜ್ಜಿದರೂ ಕೂರಿಸಿದ ಚರ್ಮ ಜಾರಬಹುದು" ಎಂದು ಡಾಕ್ಟರು ಎಚ್ಚರಿಸಿದ್ದರು. ನನ್ನ ಕೈಯೋ, ನಾನು ಹೇಳಿದಂತೆ ಕೇಳದು. ಮಾತಾಡುತ್ತಲೇ ಕಣ್ಣಿನ ಕಡೆ ಹೊರಡುತ್ತಿತ್ತು.

ಗೆಳತಿ ಪಾಠಕ್ಕೆ ಇಳಿದಳು. ತೊಟ್ಟು ಬಿಡಿಸುವ ಹೆಂಗಸರು ಕೆಲಸದಲ್ಲಿರುವಾಗ ಕಣ್ಣಿಗೆ ಬೆರಳು ತಾಗಿಸುವುದೇ ಇಲ್ಲವಂತೆ. ಬೆವರು ಬಂದರೆ ಮೊಣಕೈ ಮೇಲಿನ ತೋಳು, ಕಣ್ಣೀರು ಬಂದರೆ ಭುಜ. ನಾನು ಎರಡು ದಿನ ಕಲಿತು, ಮೂರನೆಯ ದಿನ ಮರೆತೆ.

ಆಕೆ ಸೆರಗಿನ ಗಂಟಿನಿಂದ ಮೆಣಸಿನಕಾಯಿ ತೆಗೆದು, ಮುರಿದು, ನನ್ನ ಹತ್ತೂ ಬೆರಳಿನ ತುದಿಗೆ ತಿಕ್ಕಿದಳು.

"ಬ್ಯಾಡಗಿ ಕಾಯಿಯಲ್ಲವೇ? ಬಣ್ಣವೇ ಹೊರತು ಖಾರವೆಲ್ಲಿದೆ?" ಎಂದೆ.

"ಅದಕ್ಕs ಗುಂಟೂರಿಂದು ತಂದೇನಿ. ನಿಮ್ಮಂಥಾ ಹಟದವರಿಗೆ ನಮ್ಮೂರ ಕಾಯಿ ಸಾಲಂಗಿಲ್ಲ."

ದಿನಾ ಬೆಳಿಗ್ಗೆ ಚಹಾ ಕುಡಿದು, ನನ್ನ ಬೆರಳಿಗೆ ಖಾರ ಹಚ್ಚಿ, ಆಕೆ ಯಾರ್ಡಿಗೆ ಹೋಗುತ್ತಿದ್ದಳು. ಕೈ ಮುಖದ ಹತ್ತಿರ ಬಂದರೆ ಸಾಕು, ಮೂಗಿಗೆ ಘಾಟು ಹೊಡೆದು ನಾನೇ ಬೆಚ್ಚಿ ಕೆಳಗಿಳಿಸುತ್ತಿದ್ದೆ.

ತಪಾಸಣೆಗೆ ಹೋದಾಗ ಡಾಕ್ಟರು ದೀಪ ಹಿಡಿದು ನೋಡಿ, "ಒಂದು ಗೆರೆ ಕೂಡ ಅಲುಗಿಲ್ಲ! ಇಷ್ಟು ಶಿಸ್ತು ಯಾರು ಕಲಿಸಿದ್ರು?" ಎಂದರು. ಸತ್ಯ ಹೇಳಿದೆವು. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಅಯ್ಯೋ! ತಪ್ಪಿ ತಾಗಿದ್ರೆ ಏನು ಗತಿ? ಇವತ್ತೇ ನಿಲ್ಲಿಸಿ!" ಎಂದು ಬೈದು, ಕುಳಿತು, ನರ್ಸಿನ ಕಡೆ ತಿರುಗಿ, "ಇದನ್ನ ಬೇರೆ ಪೇಷಂಟ್‌ಗಳಿಗೆ ಹೇಳ್ಬೇಡಿ. ಕೆಲಸ ಮಾಡುತ್ತೆ ಅಂತ ಗೊತ್ತಾದ್ರೆ ಎಲ್ಲರೂ ಹಚ್ಕೊಂಡು ಬರ್ತಾರೆ" ಎಂದರು.

೬. ಕಣ್ಣು ಬಿಟ್ಟ ದಿನ

ಒಂದೂವರೆ ತಿಂಗಳಾಯಿತು. ಹೋಟೆಲು ಬಿಡುವಂತಿಲ್ಲ, ಗಂಡನಿಗೆ ಬರಲಾಗಲಿಲ್ಲ. ಗೆಳತಿ ನಸುಕಿನಲ್ಲೇ ಯಾರ್ಡಿಗೆ ಹೋಗಿ ಒಂದು ಚೀಲ ಬಿಡಿಸಿಟ್ಟು, ಅದೇ ಕೈಯಲ್ಲಿ ಬಸ್ ಹತ್ತಿದಳು. ರಾಣೆಬೆನ್ನೂರಿನಲ್ಲಿ ಇಳಿದಾಗ ನನ್ನ ತೋಳು ಹಿಡಿದು ರಸ್ತೆ ದಾಟಿಸಿದಳು. "ಕಣ್ಣು ತೆರೆದ ಮೇಲೆ ಕಾಣದಿದ್ದರೆ?" ಎಂದು ಕೇಳಿದೆ. ಆಕೆ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಒಳಗೆ ಆಕೆಯನ್ನೂ ಬಿಟ್ಟರು. ಕತ್ತರಿಯ ಸಣ್ಣ ಸದ್ದು ಕೇಳಿತು. ತಣ್ಣನೆಯ ನೀರು ಬಿತ್ತು. "ಅಜ್ಜಿ, ನಿಧಾನ ಬಿಡಿ" ಎಂದರು ಡಾಕ್ಟರು.

ಮೊದಲು ಬರೀ ಬೆಳಕು. ಆಮೇಲೆ ಮಂಜು. ಮಂಜಿನೊಳಗೆ ಒಂದು ಹಸಿರು ಸೀರೆ, ಒಂದು ಮೂಗುಬಟ್ಟು, ಬಿಟ್ಟ ಬಾಯಿ.

"ಏನು ಕಾಣ್ತಿದೆ?"

"ಈಕೆ. ಪೂರ್ತಿ."

ಡಾಕ್ಟರು ಕನ್ನಡಿ ಹಿಡಿದರು. ಕೆಳರೆಪ್ಪೆ ಇತ್ತು! ಕೂದಲಿಲ್ಲ, ತುಸು ಬಿಳುಪು, ಆದರೆ ರೆಪ್ಪೆಯೇ. ಕಣ್ಣು ಪಿಳುಕಿಸಿದರೆ ಮೇಲಿನದು ಬಂದು ಅದಕ್ಕೆ ಸರಿಯಾಗಿ ಕೂಡುತ್ತಿತ್ತು. ನಾನು ಆ ಹುಡುಗಿಯ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಳ್ಳಲು ಹೋಗಿ, ನೆನಪಾಗಿ, ಹಣೆಗೆ ಒತ್ತಿಕೊಂಡೆ. ಕಣ್ಣೀರು ಬಂತು. ಭುಜಕ್ಕೆ ಒರೆಸಿಕೊಂಡೆ.

ಆಗ ಹಿಂದಿನಿಂದ ಕೂಗು ಎದ್ದಿತು: "ಅಯ್ಯಯ್ಯೋ, ಸತ್ತ್ನೆಪಾ!"

ಇಪ್ಪತ್ತು ವರ್ಷ ಕಣ್ಣಿಗೆ ಬೆರಳು ತಾಗಿಸದವಳು ನನ್ನನ್ನು ನೋಡಿ ಗಳಗಳ ಅತ್ತು, ಎರಡೂ ಅಂಗೈಯಿಂದ ಎರಡೂ ಕಣ್ಣು ಒರೆಸಿಕೊಂಡಿದ್ದಳು.

ನನ್ನನ್ನು ಮಂಚದಿಂದ ಇಳಿಸಿ ಆಕೆಯನ್ನು ಮಲಗಿಸಿದರು. ಬಾಟಲಿಗಟ್ಟಲೆ ನೀರು ಬಿಟ್ಟು ಕಣ್ಣು ತೊಳೆದರು. ಡಾಕ್ಟರು ನಗು ತಡೆಯಲಾರದೆ ಕೇಳಿದರು: "ಕಣ್ಣಿಗೆ ಕೈ ಹಚ್ಚಬಾರದು ಅಂತ ನಿಮಗೆ ಯಾರೂ ಹೇಳಿರಲಿಲ್ವಾ?"

ಹೊರಡುವಾಗ ಆಕೆಗೆ ಇನ್ನೂ ಕಣ್ಣು ಬಿಡಲಾಗುತ್ತಿರಲಿಲ್ಲ. ಈ ಸಲ ನಾನು ತೋಳು ಹಿಡಿದು ರಸ್ತೆ ದಾಟಿಸಿದೆ. ಬಸ್ಸು ತುಂಬಿತ್ತು. ಹೊಸ ರೆಪ್ಪೆಯ ನನ್ನನ್ನೂ, ಕಣ್ಣು ಮುಚ್ಚಿ ನೀರು ಸುರಿಸುತ್ತಿದ್ದ ಆಕೆಯನ್ನೂ ನೋಡಿ ಕಂಡಕ್ಟರ್ ಕೇಳಿದ, "ಕಣ್ಣಿನ ಆಪರೇಷನ್ ಆಗಿದ್ದು ಯಾರಿಗ್ರಿ?"

ನಾನು ಬಾಯಿ ತೆರೆಯುವ ಮೊದಲೇ ಆಕೆ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಚಿವುಟಿ ಪಿಸುಗುಟ್ಟಿದಳು:

"ನನಗ ಅಂತ ಹೇಳ್ರಿ ಅಮ್ಮಾರ. ಇಬ್ಬರಿಗೂ ಸೀಟ್ ಸಿಗತಾವು."